ನೋವಿಲ್ಲದ ಪಾದಕ್ಕೆ ಪೂರ್ತಿ ಅಂಕವೇ?

ಪಾದದ ನೋವೆಂದು ದೊಡ್ಡ ಆಸ್ಪತ್ರೆಗೆ ಹೋದವರ ಮುಂದೆ ಈಗ ಕೆಲವು ಕಡೆ ಔಷಧಿ ಚೀಟಿಗಿಂತ ಮೊದಲೇ ಒಂದು ಪ್ರಶ್ನಾವಳಿ ಬರುತ್ತದೆ. ನಡೆಯುವಾಗ ಎಷ್ಟು ನೋವು? ಮೆಟ್ಟಿಲು ಹತ್ತುವುದು ಎಷ್ಟು ಕಷ್ಟ? ಸರಿಹೊಂದುವ ಪಾದರಕ್ಷೆ ಸಿಗುತ್ತದೆಯೇ? ಉತ್ತರಗಳನ್ನೆಲ್ಲ ಕೂಡಿ, ಭಾಗಿಸಿ, ಕೊನೆಗೆ ಒಂದು ಅಂಕ ಕೊಡುತ್ತಾರೆ. ಆ ಅಂಕದ ಬಗ್ಗೆ ರೋಗಿಗಳಲ್ಲಿ ಮಾತ್ರವಲ್ಲ, ಪ್ರಶ್ನೆ ಕೇಳುವವರಲ್ಲೂ ಹಲವು ತಪ್ಪು ಕಲ್ಪನೆಗಳಿವೆ. ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಬಣಕಲ್ಲನ್ನು, ಅದರ ಸುತ್ತಲಿನ ಕಾಫಿ ತೋಟಗಳನ್ನು ಎದುರಿಗಿಟ್ಟುಕೊಂಡು ಇವುಗಳನ್ನು ಪರೀಕ್ಷಿಸಿದರೆ ಯಾವುದು ಎಲ್ಲಿ ತಪ್ಪುತ್ತದೆ ಎಂಬುದು ಚೆನ್ನಾಗಿ ಗೊತ್ತಾಗುತ್ತದೆ.

ಕಲ್ಪನೆ: ಪಾದದ ಪ್ರಶ್ನಾವಳಿ ಯಾವುದಾದರೇನು, ಎಲ್ಲವೂ ಅಳೆಯುವುದು ಒಂದನ್ನೇ

ಖಂಡಿತ ಅಲ್ಲ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಫುಟ್ ಫಂಕ್ಷನ್ ಇಂಡೆಕ್ಸ್’ ಹುಟ್ಟಿದ್ದು ಅಮೆರಿಕದಲ್ಲಿ, 1991ರಲ್ಲಿ. ರುಮಟಾಯ್ಡ್ ಸಂಧಿವಾತವಿದ್ದ 87 ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿದ್ದರು. ಅದರಲ್ಲಿ 23 ಪ್ರಶ್ನೆಗಳು: 9 ನೋವಿನ ಬಗ್ಗೆ, 9 ಓಡಾಟದ ಕಷ್ಟದ ಬಗ್ಗೆ, 5 ಚಟುವಟಿಕೆಗೆ ಬಿದ್ದ ಕಡಿವಾಣದ ಬಗ್ಗೆ. ನಾಲ್ಕು ಬ್ಲಾಕ್ ದೂರ ನಡೆಯಬಲ್ಲಿರಾ, ಫುಟ್‌ಪಾತಿನ ಅಂಚು ಹತ್ತಬಲ್ಲಿರಾ, ಕುರ್ಚಿಯಿಂದ ಏಳಬಲ್ಲಿರಾ ಎಂದೆಲ್ಲ ಅದು ಕೇಳುತ್ತದೆ. ಪಟ್ಟಣದಲ್ಲಿರುವ ವಯಸ್ಸಾದ ಸಂಧಿವಾತ ರೋಗಿಗೆ ಇವು ಸರಿಯಾದ ಪ್ರಶ್ನೆಗಳೇ.

ಆದರೆ ಬಣಕಲ್ ಸುತ್ತಿನ ತೋಟದಲ್ಲಿ ಕೆಲಸ ಮಾಡುವ ಹೆಂಗಸಿನ ದಿನ ಬೇರೆ. ಲೈನ್ ಮನೆಯಿಂದ ಇಳಿದು, ಹಳ್ಳದ ಕಾಲುಸಂಕ ದಾಟಿ, ಎದುರಿನ ಗುಡ್ಡ ಹತ್ತಬೇಕು. ಹಣ್ಣು ಕುಯ್ಲಿನ ಕಾಲದಲ್ಲಿ ಇಳಿಜಾರಿನಲ್ಲಿ ಒಂದು ಪಾದ ಮೇಲೆ, ಒಂದು ಕೆಳಗೆ ಇಟ್ಟು ಗಂಟೆಗಟ್ಟಲೆ ನಿಲ್ಲಬೇಕು. ನೆಲಕ್ಕೆ ಬಿದ್ದ ಹಣ್ಣು ಆರಿಸಲು ಕುಕ್ಕರಗಾಲಿನಲ್ಲಿ ಕೂರಬೇಕು. ಸಂಜೆ ತುಂಬಿದ ಚೀಲ ಹೊತ್ತು ಜಾರುವ ದರೆ ಇಳಿಯಬೇಕು. ಇವರಿಗೆ 2005ರಲ್ಲಿ ಬಂದ ‘ಫುಟ್ ಆ್ಯಂಡ್ ಆ್ಯಂಕಲ್ ಎಬಿಲಿಟಿ ಮೆಷರ್’ ಎಷ್ಟೋ ಹತ್ತಿರ. ಅದರ ದಿನನಿತ್ಯದ ಭಾಗದ 21 ಪ್ರಶ್ನೆಗಳಲ್ಲಿ ಗುಡ್ಡ ಹತ್ತುವುದು, ಗುಡ್ಡ ಇಳಿಯುವುದು, ಕುಕ್ಕರಗಾಲಿನಲ್ಲಿ ಕೂರುವುದು, ಬರಿಗಾಲಲ್ಲಿ ನಡೆಯುವುದು, ಭಾರ ಹೊರುವಂಥ ಕೆಲಸ ಎಲ್ಲವೂ ಇವೆ. ಜತೆಗಿರುವ ಕ್ರೀಡೆಯ 8 ಪ್ರಶ್ನೆಗಳನ್ನು ಬಿಟ್ಟುಬಿಡಬಹುದು. ಹಾಗಿದ್ದೂ ಅದು ಪೂರ್ತಿಯಾಗಿ ನಮ್ಮದಾಗುವುದಿಲ್ಲ. ಮೆಣಸು ಕುಯ್ಯುವವನು ಬಿದಿರಿನ ಏಣಿಯ ಗಣ್ಣಿನ ಮೇಲೆ ಅಂಗಾಲಿನ ನಡುಭಾಗ ಊರಿ ನಿಲ್ಲುತ್ತಾನಲ್ಲ, ಅಲ್ಲಿ ಎದ್ದ ನೋವನ್ನು ಇವುಗಳಲ್ಲಿ ಯಾವುದೂ ಹೆಸರಿಟ್ಟು ಕೇಳುವುದಿಲ್ಲ.

ಆಸ್ಟ್ರೇಲಿಯಾದಲ್ಲಿ 1998ರಲ್ಲಿ ಬಂದ ‘ಫುಟ್ ಹೆಲ್ತ್ ಸ್ಟೇಟಸ್ ಕ್ವಶ್ಚನೇರ್’ನ ಪಾದಕ್ಕೇ ಮೀಸಲಾದ 13 ಪ್ರಶ್ನೆಗಳಲ್ಲಿ 3 ಪಾದರಕ್ಷೆಯ ಬಗ್ಗೆ. ತೊಡಬಹುದಾದ ಶೂಗಳ ಆಯ್ಕೆ ನಿಮಗೆ ಕಡಿಮೆಯೇ ಎಂಬುದೂ ಅದರಲ್ಲಿದೆ. ಮಳೆಗಾಲಕ್ಕೊಂದು ಗಂಬೂಟು, ಉಳಿದ ಕಾಲಕ್ಕೊಂದು ಹವಾಯಿ ಚಪ್ಪಲಿ ಇರುವವರು ‘ಹೌದು, ಕಡಿಮೆ’ ಎಂದೇ ಹೇಳುತ್ತಾರೆ. ಕಾರಣ ಪಾದದಲ್ಲಿಲ್ಲ, ಕೂಲಿಯಲ್ಲಿದೆ. ಅಂಕ ಮಾತ್ರ ಪಾದದ ಲೆಕ್ಕದಲ್ಲಿ ಕುಸಿಯುತ್ತದೆ.

ಕಲ್ಪನೆ: ಅಂಕ ಹೆಚ್ಚಿದ್ದಷ್ಟೂ ಪಾದ ಚೆನ್ನಾಗಿದೆ

ಫುಟ್ ಫಂಕ್ಷನ್ ಇಂಡೆಕ್ಸಿನಲ್ಲಿ 100 ಎಂದರೆ ಅತಿ ಕೆಟ್ಟ ಸ್ಥಿತಿ. ಆಸ್ಟ್ರೇಲಿಯಾದ ಪ್ರಶ್ನಾವಳಿಯಲ್ಲಿ 100 ಎಂದರೆ ಅತ್ಯುತ್ತಮ. ಹೆಸರು ಹೇಳದೆ ‘ನಿಮಗೆ 70 ಬಂದಿದೆ’ ಎಂದರೆ ಅದಕ್ಕೆ ಅರ್ಥವೇ ಇಲ್ಲ. ಯಾವ ಪ್ರಶ್ನಾವಳಿ ಎಂದು ಕೇಳುವ ಹಕ್ಕು ರೋಗಿಗಿದೆ.

ಕಲ್ಪನೆ: ನೋವಿಲ್ಲ, ಹಾಗಾದರೆ ಪಾದಕ್ಕೆ ಏನೂ ಆಗಿಲ್ಲ

ಇವುಗಳಲ್ಲೆಲ್ಲ ಅತಿ ಅಪಾಯಕಾರಿ ಕಲ್ಪನೆ ಇದು. ಸಕ್ಕರೆ ಕಾಯಿಲೆ ಬಹುಕಾಲ ಹತೋಟಿ ತಪ್ಪಿದರೆ ಪಾದದ ನರಗಳು ಸೊರಗುತ್ತವೆ. ಮೊದಲು ಜುಮುಜುಮು, ಉರಿ, ಆಮೇಲೆ ಜೋಮು, ಕೊನೆಗೆ ಏನೂ ಇಲ್ಲ. ಆ ಹಂತದಲ್ಲಿ ನೋವನ್ನೇ ಕೇಳುವ ಪ್ರಶ್ನಾವಳಿ ಕೊಟ್ಟರೆ, ಅಂಗಾಲಲ್ಲಿ ಹುಣ್ಣಿದ್ದವರಿಗೂ ನೋವಿನ ಭಾಗದಲ್ಲಿ ಉತ್ತಮ ಅಂಕ ಬಂದುಬಿಡಬಹುದು.

ಇದನ್ನು ಜಗತ್ತಿಗೆ ಮನವರಿಕೆ ಮಾಡಿಕೊಟ್ಟ ಕೆಲಸ ನಡೆದದ್ದು ನಮ್ಮ ಪಕ್ಕದಲ್ಲೇ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಪಾದದ ಗಾಯಗಳು ಹೆಚ್ಚಾಗಿ ಬರುವುದು ಮಾಂಸ ತಾನಾಗಿ ಕೊಳೆತು ಅಲ್ಲ, ನೋವು ತಿಳಿಯದೆ ಅದೇ ಜಾಗಕ್ಕೆ ಮತ್ತೆ ಮತ್ತೆ ಪೆಟ್ಟು ಬಿದ್ದು ಎಂದು ತೋರಿಸಿಕೊಟ್ಟರು. ಮುಂದೆ ಅವರು ಸೇರಿದ ಅಮೆರಿಕದ ಕಾರ್ವಿಲ್ ಆಸ್ಪತ್ರೆಯಲ್ಲೇ 1980ರ ದಶಕದಲ್ಲಿ, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯ ಸ್ಪರ್ಶ ತಿಳಿಯದ ಪಾದಕ್ಕೆ ಹುಣ್ಣಿನ ಅಪಾಯವಿದೆ ಎಂಬ ಅಳತೆ ಗಟ್ಟಿಯಾಯಿತು. ಇಂದು ಸಕ್ಕರೆ ಕಾಯಿಲೆಯವರ ಪಾದ ನೋಡುವ ವೈದ್ಯರು ಬಳಸುವುದು ಆ ಎಳೆಯನ್ನೇ.

ಎಳೆ ಇಲ್ಲದಿದ್ದರೆ ಬೆರಳೂ ಸಾಕು. 2011ರಲ್ಲಿ ಪ್ರಕಟವಾದ ಇಪ್ಸ್‌ವಿಚ್ ಸ್ಪರ್ಶ ಪರೀಕ್ಷೆಯನ್ನು ಮನೆಯವರೇ ಮಾಡಬಹುದು. ರೋಗಿ ಕಣ್ಣು ಮುಚ್ಚಿಕೊಂಡಿರಬೇಕು. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಒತ್ತಬಾರದು, ತಟ್ಟಬಾರದು. ಈ ಆರು ಜಾಗಗಳಲ್ಲಿ ಎರಡು ಅಥವಾ ಹೆಚ್ಚು ಕಡೆ ಮುಟ್ಟಿದ್ದು ತಿಳಿಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಬೆಂಗಳೂರಿನ ಸರ್ಕಾರಿ ಸಂಸ್ಥೆಯಾದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಆ್ಯಂಡ್ ರಿಸರ್ಚ್‌ನಲ್ಲಿ ಪಾದಕ್ಕೆಂದೇ ಪೋಡಿಯಾಟ್ರಿ ವಿಭಾಗವಿದೆ.

ನರದ ತೊಂದರೆ ಹುಡುಕಲೆಂದೇ ಇರುವ ಪ್ರಶ್ನಾವಳಿಯೂ ಒಂದಿದೆ: ಮಿಷಿಗನ್ ವಿಶ್ವವಿದ್ಯಾಲಯದವರು 1994ರಲ್ಲಿ ಪ್ರಕಟಿಸಿದ 15 ಪ್ರಶ್ನೆಗಳದ್ದು. ಪಾದದ ಚರ್ಮ ಒಣಗಿ ಸೀಳುತ್ತದೆಯೇ ಎಂಬುದು ಅದರಲ್ಲೊಂದು. ಮಣ್ಣಿನಲ್ಲಿ ದುಡಿಯುವ ಊರಿನಲ್ಲಿ ಹಿಮ್ಮಡಿ ಒಡೆಯದವರು ಎಷ್ಟು ಮಂದಿ? ಇಲ್ಲಿ ಆ ಒಂದು ‘ಹೌದು’ ನರದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಆದರೆ ಅದರಲ್ಲೇ ಇರುವ ಇನ್ನೊಂದು ಪ್ರಶ್ನೆ, ಸ್ನಾನಕ್ಕಿಳಿದಾಗ ನೀರಿನ ಬಿಸಿ ತಣ್ಪು ಪಾದಕ್ಕೆ ಗೊತ್ತಾಗುತ್ತದೆಯೇ ಎಂಬುದು ಮಲೆನಾಡಿಗೆ ತೀರ ಮುಖ್ಯ. ಇಲ್ಲಿ ಹಂಡೆ ನೀರು ಕುದಿಯುತ್ತಿರುತ್ತದೆ. ಮಳೆಯಲ್ಲಿ ನೆನೆದು ಬಂದವರು ಬಚ್ಚಲೊಲೆಯ ಮುಂದೆ ಕಾಲು ಚಾಚಿ ಕಾಯಿಸಿಕೊಳ್ಳುತ್ತಾರೆ. ಹಿಮ್ಮಡಿ ನೋವಿಗೆ ಬಿಸಿ ಇಟ್ಟಿಗೆಯ ಮೇಲೆ ಎಕ್ಕದೆಲೆ ಹಾಕಿ ಪಾದ ಇಡುವ ಮದ್ದೂ ಉಂಟು. ಸ್ಪರ್ಶ ತಿಳಿಯದ ಪಾದ ಅಲ್ಲಿ ಸುಟ್ಟುಕೊಂಡರೂ ಬೊಬ್ಬೆ ಕಣ್ಣಿಗೆ ಬೀಳುವ ತನಕ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆಯವರು ಒಲೆಯ ಮುಂದೆ ಕಾಲು ಕಾಯಿಸುವುದು, ಬಿಸಿ ಇಟ್ಟಿಗೆಯ ಮದ್ದು ಎರಡನ್ನೂ ಬಿಡಬೇಕು. ನೀರಿನ ಬಿಸಿಯನ್ನು ಮೊಣಕೈಯಿಂದ ಅಥವಾ ಮನೆಯವರ ಕೈಯಿಂದ ನೋಡಿಸಬೇಕು.

ಕಲ್ಪನೆ: ರೋಗಿಯ ಮಾತಿಗಿಂತ ವೈದ್ಯರು ಹಾಕಿದ ಅಂಕವೇ ನಂಬಲರ್ಹ

ಅಮೆರಿಕದ ಪಾದ ಮತ್ತು ಹರಡು ಶಸ್ತ್ರವೈದ್ಯರ ಸಂಘ 1994ರಲ್ಲಿ ಹೊರತಂದ ಅಂಕಪದ್ಧತಿಯಲ್ಲಿ ಒಂದು ಭಾಗ ವೈದ್ಯರೇ ನೋಡಿ ತುಂಬುವಂಥದ್ದು. ಲೋಕವೆಲ್ಲ ಅದನ್ನು ಬಳಸಿತು. ಅಳತೆಯಾಗಿ ಅದರ ದೌರ್ಬಲ್ಯಗಳು ಬಯಲಾದ ಮೇಲೆ, 2011ರಲ್ಲಿ ಆ ಸಂಘವೇ ಇನ್ನು ಅದನ್ನು ಬಳಸುವುದು ಬೇಡ ಎಂಬ ನಿಲುವಿಗೆ ಬಂತು. ಕೀಲು ಎಷ್ಟು ಡಿಗ್ರಿ ಬಾಗುತ್ತದೆ ಎಂಬುದನ್ನು ವೈದ್ಯರು ಅಳೆಯಬಲ್ಲರು. ಆ ಪಾದದಲ್ಲಿ ದಿನದ ಕೂಲಿ ಪೂರೈಸಲು ಆಗುತ್ತದೆಯೇ ಎಂಬುದಕ್ಕೆ ರೋಗಿಯೇ ಸಾಕ್ಷಿ.

ಕಲ್ಪನೆ: ಕನ್ನಡದಲ್ಲಿ ಓದಿ ಹೇಳಿದರೆ ಆಯಿತು

ಅಷ್ಟು ಸಾಲದು. ಪ್ರಶ್ನಾವಳಿಯನ್ನು ಬೇರೆ ಭಾಷೆಗೆ ತರಲು 2000ದಲ್ಲಿ ಬೀಟನ್ ಮತ್ತು ಜತೆಯ ಸಂಶೋಧಕರು ಕೊಟ್ಟ ಕ್ರಮ ಇಂದಿಗೂ ಮಾದರಿ. ಇಬ್ಬರು ಬೇರೆಬೇರೆಯಾಗಿ ಅನುವಾದಿಸಬೇಕು, ಅವೆರಡನ್ನೂ ಕೂಡಿಸಬೇಕು, ಮೂಲ ಕಾಣದವರಿಂದ ಮರಳಿ ಅನುವಾದ ಮಾಡಿಸಬೇಕು, ತಜ್ಞರು ಕೂತು ನೋಡಬೇಕು, ಕೊನೆಗೆ 30ರಿಂದ 40 ಮಂದಿ ರೋಗಿಗಳ ಮುಂದಿಟ್ಟು ಪ್ರತಿ ಪ್ರಶ್ನೆ ಅವರಿಗೆ ಹೇಗೆ ಅರ್ಥವಾಯಿತೆಂದು ಕೇಳಬೇಕು. ಬಣಕಲ್ಲಿನಲ್ಲಿ ‘ನಾಲ್ಕು ಬ್ಲಾಕ್’ ಎಂಬುದು ‘ತೋಟದ ಗೇಟಿನಿಂದ ಬಸ್ ಸ್ಟ್ಯಾಂಡಿನವರೆಗೆ’ ಎಂದಾಗಬೇಕಾದೀತು. ಆ ದೂರ ಮೂಲದ ದೂರಕ್ಕೆ ಸಮವೇ ಎಂದು ಅಳೆದು ನೋಡುವುದೂ ಕೆಲಸದ ಭಾಗವೇ.

ಓದು ಬಾರದವರಿಗೆ ಪ್ರಶ್ನೆ ಓದಿ ಹೇಳಬೇಕಾಗುತ್ತದೆ. ಯಾರು ಓದುತ್ತಾರೆ, ಯಾರ ಎದುರು ಓದುತ್ತಾರೆ ಎಂಬುದರಿಂದಲೇ ಉತ್ತರ ಬದಲಾಗುತ್ತದೆ. ತೋಟದ ರೈಟರೋ ಮೇಸ್ತ್ರಿಯೋ ಪಕ್ಕದಲ್ಲಿ ನಿಂತಿದ್ದರೆ, ನಾಳೆ ಕೆಲಸಕ್ಕೆ ಬರಬೇಡ ಎಂದುಬಿಟ್ಟಾರೆಂಬ ಭಯಕ್ಕೆ ‘ಏನೂ ತೊಂದ್ರೆ ಇಲ್ಲ ಬಿಡಿ’ ಎನ್ನುವವರೇ ಹೆಚ್ಚು. ಪ್ರಶ್ನೆ ಕೇಳುವಾಗ ಅವರು ಅಲ್ಲಿ ಇರಲೇಬಾರದು.

ಕಲ್ಪನೆ: ಅಂಕ ಸ್ವಲ್ಪ ಸುಧಾರಿಸಿದರೂ ಚಿಕಿತ್ಸೆ ಫಲಿಸಿದಂತೆ

ಎರಡು ಮೂರು ಅಂಕಗಳ ಏರಿಳಿತ ಆ ದಿನದ ಮನಸ್ಸಿನಿಂದಲೂ ಆಗಬಹುದು. ಹಿಮ್ಮಡಿ ನೋವಿನವರಲ್ಲಿ ನಡೆದ ಅಧ್ಯಯನದ ಪ್ರಕಾರ ಫುಟ್ ಫಂಕ್ಷನ್ ಇಂಡೆಕ್ಸಿನ ಒಟ್ಟು ಅಂಕದಲ್ಲಿ ಸುಮಾರು 7ರಷ್ಟು ಇಳಿಕೆಯಾದರೆ ಮಾತ್ರ ರೋಗಿಗೆ ಅದು ಗುಣವೆಂದು ಅನುಭವಕ್ಕೆ ಬರುತ್ತದೆ. ಇಲ್ಲಿ ಋತುವೂ ಸೇರಿಕೊಳ್ಳುತ್ತದೆ. ಫುಟ್ ಫಂಕ್ಷನ್ ಇಂಡೆಕ್ಸ್ ಕೇಳುವುದು ಕಳೆದ ಒಂದು ವಾರದ ಬಗ್ಗೆ. 2000ದಲ್ಲಿ ಬಂದ ಮ್ಯಾಂಚೆಸ್ಟರ್ ಪ್ರಶ್ನಾವಳಿ ಕಳೆದ ಒಂದು ತಿಂಗಳ ಬಗ್ಗೆ. ಚಾರ್ಮಾಡಿಯ ನೆತ್ತಿಯ ಮಳೆ ಸುರಿಯುವ ಜುಲೈನಲ್ಲಿ ಬೆರಳ ಸಂದಿನ ಕೆಸರುಹುಣ್ಣು, ಇಂಬಳ ಕಚ್ಚಿದ ಗಾಯ, ದಿನವಿಡೀ ಒದ್ದೆ ಗಂಬೂಟು. ಜನವರಿಯಲ್ಲಿ ಹುಣ್ಣು ಮಾಯ, ಹಿಮ್ಮಡಿ ಒಡಕು ಹಾಜರು, ಕುಯ್ಲಿನ ದುಡಿತ ಜೋರು. ಜುಲೈನ ಅಂಕವನ್ನು ಜನವರಿಯದರ ಪಕ್ಕ ಇಟ್ಟು ಮುಲಾಮು ಕೆಲಸ ಮಾಡಿತು ಎನ್ನುವಂತಿಲ್ಲ. ಒಂದೇ ಪ್ರಶ್ನಾವಳಿಯನ್ನು, ಸಾಧ್ಯವಾದರೆ ಒಬ್ಬರೇ, ಮರುವರ್ಷ ಅದೇ ತಿಂಗಳಲ್ಲಿ, ರೋಗಿ ಅದೇ ಕೆಲಸದಲ್ಲಿರುವಾಗ ಕೇಳಬೇಕು. ತೋಟ ಬದಲಾಗಿದ್ದರೆ, ಕುಯ್ಲು ಬಿಟ್ಟು ಕಣದ ಕೆಲಸಕ್ಕೆ ಹಾಕಿದ್ದರೆ ಅದನ್ನು ಅಂಕದ ಪಕ್ಕದಲ್ಲೇ ಬರೆದಿಡಬೇಕು.