ಹಳೆಯ ಕಾರ್ಖಾನೆಗಳ ನೆಲ: ಮಣ್ಣಿನ ಪರೀಕ್ಷೆಗೆ ಸರ್ಕಾರದ ಹಣವೇಕೆ?

ಬಾಗಿಲು ಮುಚ್ಚಿದ ಕಾರ್ಖಾನೆ ನಗರದ ನಟ್ಟನಡುವೆ ಇದ್ದರೂ ಅದರ ಜಾಗವನ್ನು ಕೊಳ್ಳಲು ಜನ ಹಿಂಜರಿಯುತ್ತಾರೆ. ನೆಲದಡಿ ಸೀಸವಿದೆಯೋ, ತೈಲ ಸೋರಿದೆಯೋ, ರಾಸಾಯನಿಕಗಳು ಅಂತರ್ಜಲಕ್ಕೆ ಇಳಿದಿವೆಯೋ ಯಾರಿಗೂ ಖಚಿತವಾಗಿ ತಿಳಿಯದು. ಎಷ್ಟೋ ಕಡೆ ಭೂಮಿ ಪಾಳು ಬೀಳುವುದಕ್ಕೆ ವಿಷಕ್ಕಿಂತ ಈ ಅನುಮಾನವೇ ದೊಡ್ಡ ಕಾರಣ. ಅದನ್ನು ಬಗೆಹರಿಸಲೆಂದೇ ಅಮೆರಿಕ ಸರ್ಕಾರ 1990ರ ದಶಕದಿಂದ ಸ್ಥಳೀಯ ಆಡಳಿತಗಳಿಗೆ ಅನುದಾನ ನೀಡುತ್ತಾ ಬಂದಿದೆ.

ಇಂತಹ ಜಾಗಗಳನ್ನು ಅಲ್ಲಿ ‘ಬ್ರೌನ್‌ಫೀಲ್ಡ್’ ಎನ್ನುತ್ತಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎ ಅಂದಾಜಿನಂತೆ ದೇಶದಲ್ಲಿ ಇವುಗಳ ಸಂಖ್ಯೆ 4.5 ಲಕ್ಷಕ್ಕೂ ಹೆಚ್ಚು. ಉಕ್ಕಿನ ಕಾರ್ಖಾನೆಗಳಷ್ಟೇ ಅಲ್ಲ, ಮುಚ್ಚಿಹೋದ ಪೆಟ್ರೋಲ್ ಬಂಕ್, ಡ್ರೈ ಕ್ಲೀನಿಂಗ್ ಅಂಗಡಿಗಳೂ ಈ ಲೆಕ್ಕದಲ್ಲಿ ಬರುತ್ತವೆ.

ಕಾನೂನು ಹುಟ್ಟಿಸಿದ ಭಯ

ನ್ಯೂಯಾರ್ಕ್ ರಾಜ್ಯದ ಲವ್ ಕೆನಾಲ್‌ನಲ್ಲಿ ರಾಸಾಯನಿಕ ಕಂಪನಿಯೊಂದು ಹೂತಿದ್ದ ಸುಮಾರು 21,000 ಟನ್ ತ್ಯಾಜ್ಯದ ಸಮೀಪದಲ್ಲೇ ಶಾಲೆ, ಮನೆಗಳು ತಲೆಯೆತ್ತಿದ್ದವು. 1978ರಲ್ಲಿ ಅಲ್ಲಿ ತುರ್ತುಸ್ಥಿತಿ ಘೋಷಣೆಯಾಯಿತು. ಇದರ ಬೆನ್ನಲ್ಲೇ 1980ರಲ್ಲಿ ‘ಸೂಪರ್‌ಫಂಡ್’ ಕಾಯ್ದೆ ಜಾರಿಗೆ ಬಂತು. ಮಾಲಿನ್ಯ ಮಾಡಿದವರ ಜೊತೆಗೆ ಜಾಗದ ಹಾಲಿ ಮಾಲೀಕರನ್ನೂ ಈ ಕಾಯ್ದೆ ಹೊಣೆಗಾರರನ್ನಾಗಿಸಿತು. ಉದ್ದೇಶ ಒಳ್ಳೆಯದೇ. ಆದರೆ ಯಾರೋ ಮಾಡಿದ ಮಾಲಿನ್ಯಕ್ಕೆ ತಾವು ದಂಡ ತೆರಬೇಕಾದೀತೆಂದು ಖರೀದಿದಾರರೂ ಬ್ಯಾಂಕುಗಳೂ ಹಳೆಯ ಕೈಗಾರಿಕಾ ಪ್ರದೇಶಗಳಿಂದ ದೂರ ಸರಿದರು.

1993ರಲ್ಲಿ ಓಹಾಯೋದ ಕ್ಲೀವ್‌ಲ್ಯಾಂಡ್ ನಗರವಿರುವ ಕಯಾಹೋಗ ಕೌಂಟಿಗೆ ಇಪಿಎ ಪ್ರಾಯೋಗಿಕ ಅನುದಾನ ನೀಡಿತು. ಜನವರಿ 2002ರಲ್ಲಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಸಹಿ ಹಾಕಿದ ಕಾಯ್ದೆ ಈ ಕಾರ್ಯಕ್ರಮಕ್ಕೆ ಶಾಸನದ ಬಲ ಒದಗಿಸಿತು. ಖರೀದಿಗೆ ಮೊದಲೇ ನಿಯಮಬದ್ಧ ವಿಚಾರಣೆ ನಡೆಸಿ, ನಂತರವೂ ಸೂಕ್ತ ಎಚ್ಚರ ವಹಿಸುವ ಖರೀದಿದಾರರಿಗೆ ಹಳೆಯ ಮಾಲಿನ್ಯದ ಹೊಣೆಯಿಂದ ಅದು ರಕ್ಷಣೆ ನೀಡಿತು.

ಪರೀಕ್ಷೆ ಹೇಗೆ?

ಪರೀಕ್ಷೆಗೆ ಎರಡು ಹಂತಗಳಿವೆ. ಮೊದಲ ಹಂತದಲ್ಲಿ ಒಂದು ಹಿಡಿ ಮಣ್ಣನ್ನೂ ಅಗೆಯುವುದಿಲ್ಲ. ಹಳೆಯ ಕ್ರಯಪತ್ರಗಳು, ಅಗ್ನಿ ವಿಮೆ ನಕ್ಷೆಗಳು, ವೈಮಾನಿಕ ಚಿತ್ರಗಳನ್ನು ತಡಕಿ, ಸ್ಥಳ ವೀಕ್ಷಿಸಿ, ಜಾಗದ ಪೂರ್ವಾಪರ ಬಲ್ಲವರನ್ನು ವಿಚಾರಿಸಿ ಅಲ್ಲಿ ಹಿಂದೆ ಏನು ನಡೆಯುತ್ತಿತ್ತೆಂದು ತಿಳಿಯಲಾಗುತ್ತದೆ. ಸಂಶಯ ಉಳಿದರೆ ಎರಡನೆಯ ಹಂತದಲ್ಲಿ ನೆಲ ಕೊರೆದು, ಮಣ್ಣು ಹಾಗೂ ಅಂತರ್ಜಲದ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳುಹಿಸಲಾಗುತ್ತದೆ.

ಅನುದಾನ ಸಿಗುವುದು ನಗರಾಡಳಿತ, ಬುಡಕಟ್ಟು ಆಡಳಿತ, ಲಾಭರಹಿತ ಸಂಸ್ಥೆಗಳಂತಹವಕ್ಕೆ. ಖಾಸಗಿ ಬಿಲ್ಡರ್‌ಗಳಿಗೆ ನೇರವಾಗಿ ಅಲ್ಲ. 2021ರ ಮೂಲಸೌಕರ್ಯ ಕಾನೂನು ಐದು ವರ್ಷಗಳ ಅವಧಿಗೆ ಒಟ್ಟಾರೆ ಬ್ರೌನ್‌ಫೀಲ್ಡ್ ಕಾರ್ಯಕ್ರಮಕ್ಕೆ 150 ಕೋಟಿ ಡಾಲರ್ ತೆಗೆದಿರಿಸಿತು. ಕಾರ್ಯಕ್ರಮದ ಪ್ರತಿ ಡಾಲರ್‌ಗೆ 20 ಡಾಲರ್‌ಗೂ ಹೆಚ್ಚು ಇತರ ಬಂಡವಾಳ ಹರಿದುಬಂದಿದೆ ಎಂಬುದು ಇಪಿಎ ಲೆಕ್ಕಾಚಾರ.

ಆದರೆ ಪರೀಕ್ಷೆಯೇ ಶುಚೀಕರಣವಲ್ಲ. ವಿಷ ಪತ್ತೆಯಾದರೆ ಅದನ್ನು ತೆಗೆಯುವ ಹಣವನ್ನು ಬೇರೆಯಾಗಿಯೇ ಹುಡುಕಬೇಕು. ಅನುದಾನಕ್ಕೆ ಸ್ಪರ್ಧೆಯೂ ಇದೆ. ಅರ್ಜಿ ಸಿದ್ಧಪಡಿಸಲು ಸಿಬ್ಬಂದಿಯಿಲ್ಲದ ಸಣ್ಣ ಊರುಗಳು ಹಿಂದೆ ಬೀಳುತ್ತವೆ. ಜಾಗ ಶುದ್ಧವಾಗಿ ಬೆಲೆ ಏರಿದರೆ, ವರ್ಷಾನುಗಟ್ಟಲೆ ಮಾಲಿನ್ಯ ಸಹಿಸಿದ ಬಡ ಬಾಡಿಗೆದಾರರೇ ಊರು ಬಿಡಬೇಕಾದೀತೆಂಬ ಆತಂಕವೂ ಇದೆ.

ಭಾರತದಲ್ಲಿ

ಭಾರತದಲ್ಲಿ ಕಲುಷಿತ ನಿವೇಶನಗಳ ನಿರ್ವಹಣೆಗಾಗಿಯೇ ಕೇಂದ್ರ ಸರ್ಕಾರ ನಿಯಮಗಳನ್ನು ಪ್ರಕಟಿಸಿದ್ದು ಜುಲೈ 2025ರಲ್ಲಿ. ಶಂಕಿತ ಜಾಗಗಳ ಪ್ರಾಥಮಿಕ ಪರಿಶೀಲನೆ, ಬಳಿಕ ವಿಸ್ತೃತ ಸಮೀಕ್ಷೆಗೆ ಇವು ಕಾಲಮಿತಿ ವಿಧಿಸಿವೆ. ಶುಚೀಕರಣದ ವೆಚ್ಚ ಮಾಲಿನ್ಯಕ್ಕೆ ಕಾರಣರಾದವರದು. ಅವರು ಭರಿಸಲಾಗದಿದ್ದಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ವ್ಯವಸ್ಥೆ ಮಾಡಬೇಕು.

ನಗರಗಳು ಬೆಳೆದಂತೆ ಒಂದು ಕಾಲದಲ್ಲಿ ಊರಾಚೆ ಇದ್ದ ಕಾರ್ಖಾನೆಗಳು ಬಡಾವಣೆಗಳ ನಡುವೆ ಸಿಲುಕುವುದು ಕರ್ನಾಟಕಕ್ಕೂ ಹೊಸತಲ್ಲ. ಆ ನೆಲದ ಮೇಲೆ ಮನೆ ಏಳುವ ಮುನ್ನ ಮಣ್ಣಿನ ಪರೀಕ್ಷೆ ನಡೆದರೆ ಖರ್ಚು ಕಡಿಮೆ. ಮನೆ ಕಟ್ಟಿ ಮುಗಿದ ಮೇಲೆ ವಿಷ ಪತ್ತೆಯಾದರೆ ತೆರಬೇಕಾದ ಬೆಲೆ ಎಂಥದ್ದೆಂಬುದನ್ನು ಲವ್ ಕೆನಾಲ್ ತೋರಿಸಿಕೊಟ್ಟಿದೆ.