ತೇರಿನ ಅಳತೆ: ಕೋಲಾರ ಸೀಮೆಯ ಮರದ ಗುಡಿಗಳಿಗೊಂದು ಸೂಚಿ

ಕಟ್ಟಬೇಕಾದ ಇಮಾರತಿನ ರೂಪವನ್ನು ಮೊದಲು ಮರದಲ್ಲಿ ಕಿರಿದಾಗಿ ಮಾಡಿ ನೋಡುವ ಪದ್ಧತಿ ಯುರೋಪಿನ ಪುನರುಜ್ಜೀವನ ಕಾಲದಲ್ಲಿ, ಅಂದರೆ 15 ಮತ್ತು 16ನೇ ಶತಮಾನಗಳಲ್ಲಿ, ಇಟಲಿಯ ವಾಸ್ತುಶಿಲ್ಪಿಗಳಲ್ಲಿ ಬೇರೂರಿತ್ತು. ದಕ್ಷಿಣ ಭಾರತದಲ್ಲಿ ಕಟ್ಟಡದ ರೂಪವನ್ನು ಮರಕ್ಕೆ ಇಳಿಸಿದ ವಸ್ತು ತೇರು. ಎರಡರ ಉದ್ದೇಶ ಬೇರೆ: ಇಟಲಿಯ ಮಾದರಿ ಕಟ್ಟಡಕ್ಕಿಂತ ಮುಂಚೆ ಹುಟ್ಟಿ, ಕಟ್ಟಡ ಎದ್ದ ಮೇಲೆ ಮೂಲೆ ಸೇರುತ್ತದೆ, ತೇರಾದರೋ ಗುಡಿ ಎದ್ದ ಬಳಿಕ, ಅದರೊಳಗಿನ ದೇವರು ಉತ್ಸವದ ದಿನ ಬೀದಿಗೆ ಬರುವಾಗ ಬೇಕಾಗುವ ಎರಡನೆಯ ಗುಡಿ. ಆದರೂ ಇವೆರಡನ್ನು ದಾಖಲಿಸುವವರಿಗೆ ಎದುರಾಗುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಆಗಿದ್ದು, ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ತೇರುಗಳಿಗೆ ಒಂದು ಸೂಚಿಯನ್ನು ಸಿದ್ಧಪಡಿಸುವವರು ಇಟಲಿಯ ಅನುಭವದಿಂದ ಕಲಿಯಬೇಕಾದದ್ದು ಸಾಕಷ್ಟಿದೆ.

ಇಂಥ ಮಾದರಿಗಳಲ್ಲಿ ದೊಡ್ಡದು ರೋಮಿನ ಸಂತ ಪೀಟರ್ ಚರ್ಚಿಗಾಗಿ ಕಿರಿಯ ಆಂತೋನಿಯೊ ದ ಸಂಗಾಲ್ಲೊ ರೂಪಿಸಿದ್ದು. 1539ರಿಂದ 1546ರವರೆಗೆ ಆಂತೋನಿಯೊ ಲಬಾಕ್ಕೊ ಅದನ್ನು ಮೂವತ್ತರಲ್ಲಿ ಒಂದು ಪಾಲಿನ ಅಳತೆಯಲ್ಲಿ ಕಟ್ಟಿದ. ಏಳು ಮೀಟರಿಗೂ ಮಿಕ್ಕ ಉದ್ದವಿರುವ ಅದರೊಳಗೆ ಮನುಷ್ಯನೊಬ್ಬ ನಿಂತು ತಲೆ ಎತ್ತಿ ನೋಡಬಹುದು. 1546ರಲ್ಲಿ ಸಂಗಾಲ್ಲೊ ತೀರಿಕೊಂಡ ಮೇಲೆ ಹೊಣೆ ಹೊತ್ತ ಮೈಕೆಲ್ಯಾಂಜೆಲೊ ಆ ವಿನ್ಯಾಸವನ್ನು ಕೈಬಿಟ್ಟದ್ದರಿಂದ, ಎಂದೂ ಕಟ್ಟದ ಒಂದು ಚರ್ಚಿಗೆ ಆ ಮರದ ರಾಶಿಯೇ ಮುಖ್ಯ ಸಾಕ್ಷಿಯಾಗಿ ಉಳಿಯಿತು. ಮೈಕೆಲ್ಯಾಂಜೆಲೊ ತನ್ನ ಗುಮ್ಮಟಕ್ಕಾಗಿ 1558ರಿಂದ 1561ರವರೆಗೆ ಮಾಡಿಸಿದ ಮಾದರಿಯ ಕಥೆ ಇನ್ನೂ ತೊಡಕಿನದು. ಮುಂದಿನವರು ಅದರ ಹೊರಕವಚವನ್ನು ಬದಲಿಸಿದರು, 18ನೇ ಶತಮಾನದಲ್ಲಿ ಗುಮ್ಮಟದ ಬಿರುಕುಗಳನ್ನು ಪರಿಶೀಲಿಸುವಾಗ ಮತ್ತೆ ಅದಕ್ಕೆ ಕೈ ಹಾಕಿದರು. ಆದುದರಿಂದ ಅದರ ಮುಂದೆ ಒಂದೇ ಹೆಸರು, ಒಂದೇ ಇಸವಿ ಬರೆದರೆ ಸೂಚಿ ಸುಳ್ಳು ಹೇಳಿದಂತಾಗುತ್ತದೆ. ಯಾವ ಭಾಗ ಯಾವ ಕಾಲದ್ದು, ಯಾವ ಕೈಯದು ಎಂಬುದನ್ನು ಬಿಡಿಸಿ ಬರೆಯಬೇಕು.

ಕೋಲಾರ ಸೀಮೆಗೆ ಸೂಚಿಯ ಪರಂಪರೆ ಹೊಸದೇನಲ್ಲ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ' ಮಾಲೆಯ ಹತ್ತನೆಯ ಸಂಪುಟ 1905ರಲ್ಲಿ ಪ್ರಕಟವಾದಾಗ, ಅಂದಿನ ಕೋಲಾರ ಜಿಲ್ಲೆಯ ಶಾಸನಗಳು ತಾಲ್ಲೂಕುವಾರು ಸಂಖ್ಯೆ ಪಡೆದವು. ಹೊಲದ ಬದುವಿನಲ್ಲಿ ಒರಗಿದ್ದ ವೀರಗಲ್ಲೂ ಗುಡಿಯ ಗೋಡೆಯ ಬರಹವೂ 'ಮುಳಬಾಗಿಲು ಇಷ್ಟನೆಯದು', 'ಮಾಲೂರು ಇಷ್ಟನೆಯದು' ಎಂದು ವಿದ್ವಾಂಸರ ಬಾಯಲ್ಲಿ ಇಂದಿಗೂ ನಿಂತಿವೆ. ಆವಣಿಯ ಮಠಸ್ಥಾನವನ್ನು ನಲವತ್ತು ವರ್ಷ ನಡೆಸಿ ಐವತ್ತು ಗುಡಿಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದ, 10ನೇ ಶತಮಾನದ ತ್ರಿಭುವನಕರ್ತನೆಂಬ ಶೈವಗುರುವಿನ ಸಂಗತಿ ತಿಳಿದದ್ದು ಇಂಥ ಕಲ್ಲಿನಿಂದಲೇ. ಆದರೆ ಆ ಸಂಪುಟದ ಕಣ್ಣು ಅಕ್ಷರದ ಮೇಲಿತ್ತು, ಮರದ ಮೇಲಲ್ಲ. ಕೋಲಾರದ ಕೋಲಾರಮ್ಮ ಮತ್ತು ಸೋಮೇಶ್ವರ ಗುಡಿಗಳು, ಆವಣಿಯ ರಾಮಲಿಂಗೇಶ್ವರ ಗುಡಿಗಳ ಸಮೂಹ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದ್ದರೂ, ಆ ರಕ್ಷಣೆ ಉದ್ದೇಶಿಸುವುದು ನೆಲಕ್ಕಂಟಿದ ಕಲ್ಲಿನ ಕಟ್ಟಡವನ್ನು. ಗಾಲಿಯ ಮೇಲೆ ನಿಂತ ಮರದ ಗುಡಿ ವರ್ಷಕ್ಕೊಮ್ಮೆ ಬೀದಿಗೆ ಬಂದು ಉಳಿದ ದಿನಗಳಲ್ಲಿ ತಗಡಿನ ಮಾಡಿನ ಕೆಳಗೆ ಮರೆಯಾಗುತ್ತದೆ.

ತೇರನ್ನು ಕೆತ್ತನೆಯ ಹಲಗೆಗಳ ಕಟ್ಟು ಎಂದು ನೋಡುವುದು ಸೂಚಿಕಾರರಿಂದ ಆಗಬಹುದಾದ ಮೊದಲ ತಪ್ಪು. ಅದು ಮೊದಲಿಗೆ ಒಂದು ರಚನೆ. ತಳದಲ್ಲಿ ಅಚ್ಚು, ಅಂದರೆ ಗಾಲಿಗಳನ್ನು ಜೋಡಿಸುವ ಅಡ್ಡತೊಲೆ. ಅದರ ಮೇಲೆ ಹಲವು ಸುತ್ತಿನ ತೊಲೆಗಳನ್ನು ಅಡ್ಡಡ್ಡ ಪೇರಿಸಿ ಕಚ್ಚು ಹಾಕಿ ಬಿಗಿದ ಕೆತ್ತನೆಯ ಭಾಗ, ಇದಕ್ಕೆ ಗಡ್ಡೆ ಅಥವಾ ತೇರುಗಡ್ಡೆ ಎಂದು ಹೆಸರು. ಅದರ ಮೇಲೆ ಉತ್ಸವಮೂರ್ತಿಯೂ ಅರ್ಚಕರೂ ಕೂರುವ ಜಗಲಿ. ಅದಕ್ಕೂ ಮೇಲೆ ಕಂಬ, ಬಿದಿರು, ಬಟ್ಟೆ, ಬಾವುಟಗಳಿಂದ ಆಯಾ ವರ್ಷ ಕಟ್ಟುವ ಶಿಖರ ಮತ್ತು ಕಳಸ. ಕಲ್ಲಿನ ಗುಡಿಯ ಅಧಿಷ್ಠಾನ, ಎಂದರೆ ಗೋಡೆಯನ್ನು ಹೊರುವ ಪೀಠಭಾಗ, ನೆಲದಲ್ಲಿ ಅಗಲವಾಗಿದ್ದು ಮೇಲೇರಿದಂತೆ ಒಳಸರಿಯುತ್ತದೆ. ತೇರುಗಡ್ಡೆಯಾದರೋ ಗಾಲಿಗಳ ನಡುವಿನ ಇಕ್ಕಟ್ಟಿನಲ್ಲಿ ಕಿರಿದಾಗಿ ಆರಂಭವಾಗಿ, ಮೇಲಿನ ಜಗಲಿಗೆ ಜಾಗ ಒದಗಿಸಲು ಸುತ್ತುಸುತ್ತಿಗೂ ಹೊರಚಾಚುತ್ತದೆ. ಪೀಠದ ಪಟ್ಟಿಕೆಗಳೂ ಯಾಳಿಗಳೂ ಕಲ್ಲಿನ ಗುಡಿಯಿಂದಲೇ ಬಂದಿದ್ದರೂ ಭಾರ ಹರಿಯುವ ದಾರಿ ಮಾತ್ರ ತಿರುವುಮುರುವು. ಈ ಒಂದು ಸಂಗತಿ ಸೂಚಿಯಲ್ಲಿ ಸೇರಬೇಕಾದರೆ ಒಟ್ಟು ಎತ್ತರವೊಂದನ್ನೇ ಬರೆದರೆ ಸಾಲದು. ಗಾಲಿಯ ವ್ಯಾಸ, ಗಾಲಿಯಿಂದ ಗಾಲಿಗಿರುವ ಅಂತರ, ಗಡ್ಡೆಯ ಪ್ರತಿ ಸುತ್ತಿನ ಚಾಚು, ಜಗಲಿಯ ಅಗಲ ಇವೆಲ್ಲ ಬೇರೆಬೇರೆಯಾಗಿ ಬೇಕು. ರಥಬೀದಿಯ ಅಗಲವನ್ನೂ ತಿರುವುಗಳನ್ನೂ ಜೊತೆಗೇ ಅಳೆದರೆ ಊರಿನ ನಕ್ಷೆಗೂ ತೇರಿಗೂ ಇರುವ ನಂಟು ಗೊತ್ತಾಗುತ್ತದೆ.

ಮರದ ಜಾತಿಯನ್ನು ಕಣ್ಣಂದಾಜಿನಲ್ಲಿ ಬರೆಯುವುದು ಎರಡನೆಯ ತಪ್ಪು. ವರ್ಷವರ್ಷವೂ ಎಣ್ಣೆ ಕುಡಿದು ಕಪ್ಪಾದ ತೊಲೆ ತೇಗವೋ ಹೊನ್ನೆಯೋ ಮತ್ತಿಯೋ ಎಂಬುದನ್ನು ಬಣ್ಣದಿಂದ ಹೇಳಲಾಗದು. ಕಾಣದ ಜಾಗದಿಂದ ತೆಗೆದ ಸಣ್ಣ ಚಕ್ಕೆಯನ್ನು ಮೂರು ದಿಕ್ಕಿನಲ್ಲಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಮತ್ತು ಇಂಥ ಗುರುತಿಸುವಿಕೆ ನಡೆಯುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ದೂರದಲ್ಲೇನೂ ಇಲ್ಲ, ಬೆಂಗಳೂರಿನ ಮಲ್ಲೇಶ್ವರದಲ್ಲಿದೆ. ಉತ್ತರದಿಂದ ಹುಟ್ಟುವ ಪ್ರಶ್ನೆಗಳು ಇನ್ನೂ ಸ್ವಾರಸ್ಯದವು: ಬಯಲುಸೀಮೆಯ ಕುರುಚಲು ಗುಡ್ಡಗಳಲ್ಲಿ ತೇಗದ ದೊಡ್ಡ ತೊಲೆ ಕಂಡರೆ ಅದು ಹೊರಗಿನಿಂದ ಗಾಡಿಯ ಮೇಲೆ ಬಂದದ್ದಿರಬೇಕು, ಶ್ರೀನಿವಾಸಪುರದ ಸುತ್ತ ಬೇಕಾದಷ್ಟು ಸಿಗುವ ಮಾವು ಬೇಗ ಹುಳು ಹಿಡಿಯುವ ಮರವಾದ್ದರಿಂದ, ಗಡ್ಡೆಯಲ್ಲಿ ಅದು ಕಂಡರೆ ಯಾವುದೋ ಕೈಬಿಗಿಯಾದ ವರ್ಷದ ದುರಸ್ತಿಯೆಂದು ಶಂಕಿಸಲು ಅವಕಾಶವಿದೆ.

ದುರಸ್ತಿಯ ಗುರುತುಗಳೇ ತೇರಿನ ಚರಿತ್ರೆ. ಬಾಚಿಯಿಂದ ಕೆತ್ತಿದ ಮೈ ಅಲೆಯಲೆಯಾಗಿರುತ್ತದೆ, ಗರಗಸದ ಕಾರ್ಖಾನೆಯಲ್ಲಿ ಸೀಳಿದ ಹಲಗೆಯಲ್ಲಿ ಗುಂಡಲಗಿನ ಕಮಾನಿನಂಥ ಗೆರೆಗಳಿರುತ್ತವೆ. ಕಮ್ಮಾರ ಬಡಿದ ಮೊಳೆ ಚೌಕಾಕಾರವಾದರೆ ಯಂತ್ರದ ಮೊಳೆ ಗುಂಡು. ಬಿಚ್ಚಿ ಮತ್ತೆ ಜೋಡಿಸಲೆಂದು ಬಡಗಿಗಳು ಹಾಕಿಕೊಂಡ ಅಂಕಿಗಳು ಗಡ್ಡೆಯ ಒಳಮೈಯಲ್ಲಿ ಉಳಿದಿರುವುದುಂಟು, ಅವುಗಳ ಲಿಪಿಯೇ ಒಮ್ಮೊಮ್ಮೆ ಕಾಲದ ಸುಳಿವಾಗುತ್ತದೆ. ಇವೆಲ್ಲವನ್ನೂ ಒಂದೇ ದಿನದಲ್ಲಿ ಮುಚ್ಚಿಹಾಕುವ ವಸ್ತು ಡಬ್ಬಿಯ ಎನಾಮೆಲ್ ಬಣ್ಣ. ಮಾದರಿಗೆ ಬಣ್ಣ ಬಳಿದು ಸಿಂಗರಿಸಬಾರದು, ಅದು ನೋಡುವವರ ಗಮನವನ್ನು ಅಳತೆಯಿಂದ ಬೇರೆಡೆಗೆ ಸೆಳೆಯುತ್ತದೆ ಎಂಬುದು 15ನೇ ಶತಮಾನದ ಇಟಲಿಯ ವಾಸ್ತುಗ್ರಂಥಕಾರ ಆಲ್ಬೆರ್ತಿಯ ಅಭಿಪ್ರಾಯ. ಜಾತ್ರೆಗೆ ನಾಲ್ಕು ದಿನ ಮುಂಚೆ ಬಣ್ಣದ ಡಬ್ಬಿ ತರುವ ಉತ್ಸಾಹಿಗಳಿಗೆ ಈ ಮಾತು ರುಚಿಸಲಾರದು, ಆದರೂ ಅದರಲ್ಲಿ ಹುರುಳಿದೆ.

ಗಡ್ಡೆಯ ಮೇಲೆ ಏಳುವ ಶಿಖರದ ಪ್ರಶ್ನೆ ಇದಕ್ಕಿಂತ ಕಠಿಣ. ಜಾತ್ರೆಯಿಲ್ಲದ ದಿನ ಹೋದವರಿಗೆ ಸಿಗುವುದು ಅರ್ಧ ತೇರು. ಉಳಿದರ್ಧ ಬಿದಿರು ಮತ್ತು ಬಟ್ಟೆಯಾಗಿ ಉಗ್ರಾಣದಲ್ಲೋ, ಪ್ರತಿವರ್ಷ ಅದನ್ನು ಕಟ್ಟುವವರ ಕೈಯಳತೆಯಲ್ಲೋ ಇರುತ್ತದೆ. ಮೇಲ್ಭಾಗ ಕಳೆದುಹೋದರೆ ಏನಾಗುತ್ತದೆ ಎಂಬುದಕ್ಕೆ ಹಂಪಿಯ ಕಲ್ಲಿನ ತೇರೇ ನಿದರ್ಶನ. ವಿಠ್ಠಲ ಗುಡಿಯ ಅಂಗಳದ ಈ ಗರುಡಗುಡಿಯ ಮೇಲೆ ಇಟ್ಟಿಗೆಯ ಶಿಖರವಿತ್ತೆಂಬುದು ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇಂದು ಶಿಖರವಿಲ್ಲದ ಆಕಾರವೇ ಐವತ್ತು ರೂಪಾಯಿಯ ನೋಟಿನ ಮೇಲೂ ಕುಳಿತಿದ್ದು, ಜನರ ಕಣ್ಣಿಗೆ ಅದೇ ಪೂರ್ಣರೂಪವಾಗಿದೆ. ಆದುದರಿಂದ ಶಿವರಾತ್ರಿಯ ಹೊತ್ತಿಗೆ ದನಗಳ ಪರಿಷೆಯೊಡನೆ ನಡೆಯುವ ಆವಣಿಯ ರಥೋತ್ಸವವಾಗಲಿ, ಮಾಲೂರು ತಾಲ್ಲೂಕಿನ ಚಿಕ್ಕತಿರುಪತಿಯ ಬ್ರಹ್ಮರಥೋತ್ಸವವಾಗಲಿ, ಸೂಚಿಕಾರರು ಎರಡು ಬಾರಿ ಹೋಗಬೇಕು: ತೇರು ಬರಿಮೈಯಲ್ಲಿದ್ದಾಗ ಒಮ್ಮೆ, ಶಿಖರ ಕಟ್ಟುವ ದಿನಗಳಲ್ಲಿ ಇನ್ನೊಮ್ಮೆ.

ಹೆಸರುಗಳ ವಿಷಯದಲ್ಲಿ ಈ ಸೀಮೆಗೆ ತನ್ನದೇ ಶ್ರೀಮಂತಿಕೆಯಿದೆ. ಕನ್ನಡ ಮತ್ತು ತೆಲುಗು ಒಂದೇ ಅಂಗಳದಲ್ಲಿ ಓಡಾಡುವ ಈ ಗಡಿನಾಡಿನಲ್ಲಿ ಒಬ್ಬರ ಅಚ್ಚು ಇನ್ನೊಬ್ಬರಿಗೆ ಇರುಸು, ಒಬ್ಬರ ಮಿಣಿ ಇನ್ನೊಬ್ಬರಿಗೆ ಮೋಕು. ಸೂಚಿಯಲ್ಲಿ ಗ್ರಂಥದ ಸಂಸ್ಕೃತ ಪದವನ್ನಷ್ಟೇ ಇಟ್ಟು ಇವನ್ನು ಬಿಟ್ಟರೆ, ನಾಳೆ ಬಡಗಿಯೊಬ್ಬರು ಆ ಪುಸ್ತಕವನ್ನು ತೆರೆದು ಯಾವ ಭಾಗದ ಮಾತೆಂದು ತಿಳಿಯದೆ ಮುಚ್ಚಿಡುವಂತಾಗುತ್ತದೆ.

ಕದ್ದ ಕಲಾವಸ್ತುವನ್ನು ಪತ್ತೆಹಚ್ಚಲು 1997ರಿಂದ ಬಳಕೆಯಲ್ಲಿರುವ 'ಆಬ್ಜೆಕ್ಟ್ ಐಡಿ' ಎಂಬ ಅಂತರರಾಷ್ಟ್ರೀಯ ನಮೂನೆ ಕೇಳುವುದು ಕೆಲವೇ ಸಂಗತಿಗಳನ್ನು: ಚಿತ್ರ, ಅಳತೆ, ವಸ್ತು, ಬರಹ, ಒಡಕು ಅಥವಾ ಕಚ್ಚಿನಂಥ ವಿಶಿಷ್ಟ ಗುರುತು, ವಿಷಯ, ಕಾಲ, ಮಾಡಿದವರು. ಗಡ್ಡೆಯಿಂದ ಬಿಡಿಸಿದ ಹಲಗೆ ಕೈಯಲ್ಲಿ ಹಿಡಿದು ಸಾಗಿಸುವಷ್ಟು ಚಿಕ್ಕದಾದ್ದರಿಂದ, ಇಷ್ಟಾದರೂ ಬರೆದಿಟ್ಟಿರದ ಊರು ತನ್ನ ಹಲಗೆಯನ್ನು ತನ್ನದೆಂದು ಸಾಧಿಸಲಾರದು. ನೂರು ವರ್ಷ ದಾಟಿದ ಕೆತ್ತನೆ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತುವೆನಿಸುತ್ತದೆ, ಆದರೆ ನೂರು ವರ್ಷವಾಯಿತೆಂದು ತೋರಿಸಲು ಕಾಗದ ಬೇಕು.

ಹಳೆಯ ತೇರು ಸವೆದಾಗ ಹೊಸದು ಮಾಡಿಸುವುದು ಸಹಜ, ಅದನ್ನು ತಡೆಯುವುದು ಸೂಚಿಯ ಕೆಲಸವಲ್ಲ; ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಂಥ ಶಿಲ್ಪಿಗಳ ಊರು ಇರುವ ಸೀಮೆಯಲ್ಲಿ ಉಳಿ ಹಿಡಿಯುವ ಕೈಗೆ ಬರವೂ ಇಲ್ಲ. ಈ ನಾಲ್ಕು ತಾಲ್ಲೂಕುಗಳ ದೇವಸ್ಥಾನ ಸಮಿತಿಗಳಲ್ಲಿ ಕೋರುವುದು ಇಷ್ಟೆ: ಹಳೆಯ ಗಡ್ಡೆಯನ್ನು ಬಿಚ್ಚುವ ಮುನ್ನ ಅದರ ನಾಲ್ಕೂ ಮಗ್ಗುಲಿಗೆ ಅಳತೆಗೋಲು ನಿಲ್ಲಿಸಿ ಚಿತ್ರ ತೆಗೆಸಿ, ಪ್ರತಿ ಹಲಗೆಯ ಹಿಂದೆ ಸೀಸದಕಡ್ಡಿಯಲ್ಲಿ ಒಂದು ಸಂಖ್ಯೆ ಬರೆದು, ಆ ಪಟ್ಟಿಯ ಒಂದು ಪ್ರತಿಯನ್ನು ದೇವಸ್ಥಾನದ ಲೆಕ್ಕದ ಪುಸ್ತಕದೊಡನೆ ಇಡಬೇಕು.