ಎಂಟು ಸಾವಿರ ಪತ್ರಿಕೆಗಳ ನಡುವೆ ಯಲಬುರ್ಗಾದ ಒಂದು ಪುಟ

ಮ್ಯಾಗ್‌ಸ್ಟರ್ ಎಂಬ ಆ್ಯಪ್ 2011ರಲ್ಲಿ ಶುರುವಾಯಿತು. ಇವತ್ತು ಅದು ಒಂದೇ ಚಂದಾಕ್ಕೆ ಎಂಟು ಸಾವಿರಕ್ಕೂ ಹೆಚ್ಚು ಪತ್ರಿಕೆಗಳನ್ನು ಫೋನಿಗೆ ತಂದುಕೊಡುತ್ತದೆ. ಎಂಟು ಸಾವಿರ ಎಂದರೆ ಎಷ್ಟು? ಒಂದೊಂದು ಪತ್ರಿಕೆಯಿಂದ ತಿಂಗಳಿಗೆ ಒಂದೇ ಸಂಚಿಕೆ, ಒಂದು ಸಂಚಿಕೆಗೆ ಬರೀ ಇಪ್ಪತ್ತು ನಿಮಿಷ ಎಂದು ಹಿಡಿಯೋಣ. ಒಟ್ಟು 1,60,000 ನಿಮಿಷ, ಅಂದರೆ 2,667 ಗಂಟೆ. ಮೂವತ್ತು ದಿನದ ತಿಂಗಳಿನಲ್ಲಿ ಇರುವುದೇ 720 ಗಂಟೆ. ಊಟ ನಿದ್ದೆ ಬಿಟ್ಟು ಕೂತರೂ ಒಂದು ತಿಂಗಳ ಪತ್ರಿಕೆ ಓದಿ ಮುಗಿಸಲು ಮೂರೂವರೆ ತಿಂಗಳಿಗಿಂತ ಹೆಚ್ಚು ಬೇಕು.

ಹಾಗೆ ಯಾರೂ ಓದುವುದಿಲ್ಲ. ದಿನಕ್ಕೆ ಅರ್ಧ ಗಂಟೆ ಓದುವವರೇ ನಮ್ಮಲ್ಲಿ ಒಳ್ಳೆಯ ಓದುಗರು. ಆ ಲೆಕ್ಕದಲ್ಲಿ 5,333 ದಿನ ಬೇಕು, ಸುಮಾರು ಹದಿನಾಲ್ಕೂವರೆ ವರ್ಷ. ಕುಷ್ಟಗಿಯಲ್ಲಿ ಈ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿದ ಮಗು ಈ ತಿಂಗಳ ಸಂಚಿಕೆಗಳನ್ನು ಓದತೊಡಗಿದರೆ, ಮುಗಿಸುವ ಹೊತ್ತಿಗೆ ಡಿಗ್ರಿಯ ಕೊನೆಯ ವರ್ಷದಲ್ಲಿರುತ್ತದೆ. ಅಷ್ಟರಲ್ಲಿ ಇನ್ನೂ 175 ತಿಂಗಳ ಸಂಚಿಕೆಗಳು ಬಂದು ಬಿದ್ದಿರುತ್ತವೆ. ಇದೇ ಎಂಟು ಸಾವಿರವನ್ನು ಕಾಗದದಲ್ಲಿ ತರಿಸಿದರೆ, ಒಂದೊಂದು ಸಂಚಿಕೆ 150 ಗ್ರಾಂ ಎಂದರೂ 12 ಕ್ವಿಂಟಲ್. ಗಂಗಾವತಿ ಕಡೆಯ 75 ಕೆ.ಜಿ. ಚೀಲದ ಲೆಕ್ಕದಲ್ಲಿ ಹದಿನಾರು ಚೀಲ ಭತ್ತದ ತೂಕ, ತಿಂಗಳು ತಿಂಗಳೂ ಮನೆ ಬಾಗಿಲಿಗೆ.

ಇಂಥ ಪ್ಯಾಕೇಜ್‌ಗೆ ದುಡ್ಡು ಕೊಡಬೇಕೇ ಎಂದು ಕೊಪ್ಪಳ ಜಿಲ್ಲೆಯ ಓದುಗ ಕೇಳಿದರೆ, ಪತ್ರಿಕೆಗಳ ಸಂಖ್ಯೆ ನೋಡಿ ಉತ್ತರ ಕೊಡಲಾಗದು. ವರ್ಷಕ್ಕೆ ಮೂರು ಸಾವಿರ ರೂಪಾಯಿ ಚಂದಾ ಎಂದಿಟ್ಟುಕೊಳ್ಳಿ. ಆಫರ್ ಇದ್ದಾಗ ದರ ಇಳಿಯುತ್ತದೆ, ಮತ್ತೆ ಏರುತ್ತದೆ. ಲೆಕ್ಕಕ್ಕೆ ಈ ಮೊತ್ತವೇ ಇರಲಿ. ತಿಂಗಳಿಗೆ ₹250. ಎಂಟು ಸಾವಿರದಿಂದ ಭಾಗಿಸಿದರೆ ಒಂದು ಪತ್ರಿಕೆಗೆ ಮೂರು ಪೈಸೆ! ಜಾಹೀರಾತು ತೋರಿಸುವ ಲೆಕ್ಕ ಇದು. ಆದರೆ ದಿನಕ್ಕೆ ಅರ್ಧ ಗಂಟೆ ಓದುವವನು ತಿಂಗಳಿಗೆ ಹೆಚ್ಚೆಂದರೆ 45 ಸಂಚಿಕೆ ತಿರುವಿಹಾಕಬಲ್ಲ. ಆಗ ಒಂದಕ್ಕೆ ಐದೂವರೆ ರೂಪಾಯಿ. ಮೊದಲ ವಾರದ ಉತ್ಸಾಹ ಇಳಿದು ನಾಲ್ಕೇ ಪತ್ರಿಕೆಗೆ ಬಂದು ನಿಂತರೆ ಒಂದಕ್ಕೆ ₹62. ಓದದೆ ಬಿಟ್ಟ 7,996 ಪತ್ರಿಕೆಗಳಿಂದ ಅವನಿಗೆ ಒಂದು ಪೈಸೆಯ ಉಳಿತಾಯವೂ ಆಗಿಲ್ಲ.

ಹಾಗೆಂದು ಇದು ಎಲ್ಲರಿಗೂ ನಷ್ಟದ ಬಾಬತ್ತಲ್ಲ. ಕೊಪ್ಪಳದಲ್ಲೋ ಗಂಗಾವತಿಯಲ್ಲೋ ರೂಮು ಮಾಡಿಕೊಂಡು ಕೆಎಎಸ್, ಐಎಎಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರನ್ನು ನೆನೆಯಿರಿ. ಸ್ಪರ್ಧಾತ್ಮಕ ಪರೀಕ್ಷೆಯ ನಾಲ್ಕು ಮಾಸಿಕ, ಇಂಗ್ಲಿಷಿನ ಎರಡು ವಾರಪತ್ರಿಕೆಯನ್ನು ಬಿಡಿಯಾಗಿ ಕೊಂಡರೆ ₹250 ಯಾವ ಮೂಲೆಗೂ ಸಾಲದು. ಅವರಿಗೆ ಪ್ಯಾಕೇಜ್ ನಿಜಕ್ಕೂ ಲಾಭ. ಅವರಿಗೆ ಬೇಕಾದ ಆರೂ ಪತ್ರಿಕೆ ಅದರಲ್ಲಿ ಇದ್ದರೆ ಎಂಬ ಒಂದೇ ಷರತ್ತು. ಹಣ ಕಟ್ಟುವ ಮೊದಲು ಹೆಸರು ಹಾಕಿ ಹುಡುಕಿ ನೋಡುವುದು ಹತ್ತು ನಿಮಿಷದ ಕೆಲಸ.

ಈ ವ್ಯಾಪಾರವೇ ಹೇಗೆ ಸಾಧ್ಯವಾಯಿತು ಎಂಬುದರ ಹಿಂದೆಯೂ ಒಂದು ಅಂಕಿ ಇದೆ. ಸರ್ಕಾರದ ಲೆಕ್ಕದಂತೆ 2014ರಲ್ಲಿ ಒಂದು ಜಿಬಿ ಡೇಟಾಕ್ಕೆ ಸರಾಸರಿ ₹269 ಬೀಳುತ್ತಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ದರ ಕುಸಿದು, ಈಗ ₹9ರ ಆಸುಪಾಸಿನಲ್ಲಿದೆ. ಒಂದು ದಿನದ ಇ-ಪೇಪರ್ 15 ಎಂಬಿ ಎಂದರೆ, ಆಗ ಅದನ್ನು ಇಳಿಸಿಕೊಳ್ಳಲು ಸುಮಾರು ನಾಲ್ಕು ರೂಪಾಯಿ ಖರ್ಚು. ಇಂದು ಹದಿಮೂರು ಪೈಸೆ. ಹನುಮಸಾಗರದ ಬಸ್ ನಿಲ್ದಾಣದಲ್ಲಿ ಪೇಪರ್ ಬಂಡಲ್ ಇಳಿಯುವ ಮೊದಲೇ ಅದೇ ಪೇಪರ್ ಫೋನಿನಲ್ಲಿರುತ್ತದೆ. 2019ರಲ್ಲಿ ಜಿಯೊನ್ಯೂಸ್ ಶುರುವಾದಾಗ 250ಕ್ಕೂ ಹೆಚ್ಚು ದಿನಪತ್ರಿಕೆ, 800ಕ್ಕೂ ಹೆಚ್ಚು ನಿಯತಕಾಲಿಕೆಗಳನ್ನು ಒಂದೇ ಕಡೆ ಇಟ್ಟಿತು. ಪೇಪರ್ ಸಾಗಿಸುವ ಖರ್ಚು ಹೆಚ್ಚುಕಡಿಮೆ ಇಲ್ಲವಾಯಿತು. ಸುದ್ದಿ ಹುಡುಕಿ ಬರೆಯುವ ಖರ್ಚು ಮಾತ್ರ ಒಂದು ಪೈಸೆಯೂ ಕಡಿಮೆಯಾಗಲಿಲ್ಲ.

ನನ್ನ ಕಾಳಜಿ ಇರುವುದು ಇಲ್ಲಿಯೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಸುಮಾರು 105 ಟಿಎಂಸಿ ಅಡಿ ಸಾಮರ್ಥ್ಯದ ಜಲಾಶಯ ಆಗಷ್ಟೇ ತುಂಬಿತ್ತು. ಉಳಿದ ಗೇಟುಗಳನ್ನೂ ತೆರೆದು ನೀರು ಹರಿಯಬಿಡಬೇಕಾಯಿತು. ಎಡದಂಡೆ ಕಾಲುವೆ ನಂಬಿಕೊಂಡ ಗಂಗಾವತಿ, ಕಾರಟಗಿಯ ರೈತರಿಗೆ ಅಂದು ಬೇಕಿದ್ದದ್ದು ಕೆಲವೇ ಮಾತು: ಎಷ್ಟು ನೀರು ಹೋಯಿತು, ಎಷ್ಟು ಉಳಿಯಿತು, ಎರಡನೇ ಬೆಳೆಗೆ ಸಿಗುತ್ತದೋ ಇಲ್ಲವೋ. ಒಂದು ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಲಾಯಿತು. ಆ ವಾರ ದಿನವೂ ಮುನಿರಾಬಾದಿನಲ್ಲಿ ನಿಂತು ನೀರಿನ ಮಟ್ಟ ಬರೆದುಕೊಂಡವರು ಸ್ಥಳೀಯ ವರದಿಗಾರರು. ಪ್ಯಾಕೇಜ್‌ನ ಎಂಟು ಸಾವಿರ ಪತ್ರಿಕೆಗಳಲ್ಲಿ ಈ ಜಿಲ್ಲೆಯಲ್ಲಿ ಒಬ್ಬ ವರದಿಗಾರನನ್ನು ಇಟ್ಟುಕೊಂಡವು ಎಷ್ಟು? ಎರಡು ಕೈಗಳ ಬೆರಳು ಸಾಕು.

ಗಂಗಾವತಿ ತಾಲ್ಲೂಕಿನ ಮರಕುಂಬಿಯದು ಇನ್ನೂ ದೊಡ್ಡ ಉದಾಹರಣೆ. 2014ರ ಆಗಸ್ಟ್‌ನಲ್ಲಿ ಅಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ ಒಂದೇ ಪ್ರಕರಣದಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆ ದಿನ ದೇಶದ ಪತ್ರಿಕೆಗಳೆಲ್ಲ ಕೊಪ್ಪಳದ ಹೆಸರು ಬರೆದವು. ಬೆಂಕಿಗೂ ತೀರ್ಪಿಗೂ ನಡುವೆ ಹತ್ತು ವರ್ಷ. ಆ ಹತ್ತು ವರ್ಷದ ವಿಚಾರಣೆ, ಸಾಕ್ಷಿ, ಮುಂದೂಡಿಕೆ, ತೀರ್ಪಿನ ನಂತರದ ಜಾಮೀನು, ಮೇಲ್ಮನವಿ ತಿಳಿಯಬೇಕೆಂದರೆ ಜಿಲ್ಲಾ ಪುಟವನ್ನೇ ತೆರೆಯಬೇಕು. ವಿಜಯವಾಣಿ ಗಂಗಾವತಿಯಿಂದಲೇ ಆವೃತ್ತಿ ತರುತ್ತದೆ. 1948ರಲ್ಲಿ ಹುಟ್ಟಿದ ಪ್ರಜಾವಾಣಿ, ಹುಬ್ಬಳ್ಳಿಯ ಸಂಯುಕ್ತ ಕರ್ನಾಟಕದಂಥ ಪತ್ರಿಕೆಗಳು ಈ ಭಾಗಕ್ಕೆ ಪುಟ ಮೀಸಲಿಡುತ್ತ ಬಂದಿವೆ. ಯಲಬುರ್ಗಾದ ಕುಡಿಯುವ ನೀರು, ಕುಷ್ಟಗಿಯ ದಾಳಿಂಬೆ ದರ, ಕೊಪ್ಪಳದ ಕಾರ್ಖಾನೆಗಳ ಹೊಗೆ ಬೇರೆಲ್ಲೂ ದಿನನಿತ್ಯದ ಸುದ್ದಿಯಾಗುವುದಿಲ್ಲ.

ಈಗ ಪ್ಯಾಕೇಜ್‌ಗೆ ಕೊಟ್ಟ ₹250ರ ಹಾದಿ ಹಿಡಿದು ಹೋಗೋಣ. ಮುದ್ರಿತ ದಿನಪತ್ರಿಕೆಗೆ ಜಿಎಸ್‌ಟಿ ಇಲ್ಲ. ಡಿಜಿಟಲ್ ಸುದ್ದಿ ಚಂದಾಕ್ಕೆ ಶೇ 18. ಅದೇ ಸುದ್ದಿ, ಅದೇ ಪುಟ, ಕಾಗದದ ಮೇಲಿದ್ದರೆ ಸೊನ್ನೆ, ಗಾಜಿನ ಮೇಲಿದ್ದರೆ ಹದಿನೆಂಟು! ಇದು ಸರಿಯಲ್ಲವೆಂದು ನಾನು ಖಂಡಿತವಾಗಿ ಹೇಳುತ್ತೇನೆ. ತೆರಿಗೆ ಸೇರಿಯೇ ₹250 ಎಂದರೆ ₹38 ಅಲ್ಲಿಗೆ ಹೋಯಿತು, ಉಳಿದದ್ದು ₹212. 2019ರಲ್ಲಿ ಆ್ಯಪಲ್ ತನ್ನ ನ್ಯೂಸ್ ಪ್ಲಸ್ ತಂದಾಗ, ಚಂದಾದ ಸುಮಾರು ಅರ್ಧವನ್ನು ತಾನಿಟ್ಟುಕೊಂಡು, ಉಳಿದರ್ಧವನ್ನು ಓದುಗರು ಎಷ್ಟು ಹೊತ್ತು ಓದಿದರೆಂಬ ಆಧಾರದ ಮೇಲೆ ಪತ್ರಿಕೆಗಳಿಗೆ ಹಂಚುವ ಕರಾರು ಮುಂದಿಟ್ಟಿತೆಂದು ವರದಿಯಾಗಿತ್ತು. ಎಲ್ಲ ಆ್ಯಪ್‌ಗಳ ಕರಾರು ಒಂದೇ ಅಲ್ಲ. ಅದೇ ಮಾದರಿಯಲ್ಲಿ ಲೆಕ್ಕ ಹಾಕಿದರೆ ಪತ್ರಿಕೆಗಳ ಪಾಲಿಗೆ ₹106. ನೀವು ಓದಿದ ಹತ್ತು ನಿಮಿಷದಲ್ಲಿ ಒಂದು ನಿಮಿಷ ಕನ್ನಡಕ್ಕೆ ಹೋಗಿದ್ದರೆ ಕನ್ನಡಕ್ಕೆ ₹10.60. ಅದೂ ಮೂರು ಕನ್ನಡ ಪತ್ರಿಕೆಗಳಲ್ಲಿ ಹಂಚಿದರೆ ತಲಾ ಮೂರೂವರೆ ರೂಪಾಯಿ, ಇಡೀ ತಿಂಗಳಿಗೆ.

ಬೇರೆ ದಾರಿ ಇದೆ. 2011ರ ಜನಗಣತಿಯ ಪ್ರಕಾರ ಕೊಪ್ಪಳ ಜಿಲ್ಲೆಯ ಜನಸಂಖ್ಯೆ 13.9 ಲಕ್ಷ, ಏಳು ವರ್ಷ ಮೇಲ್ಪಟ್ಟವರಲ್ಲಿ ಸಾಕ್ಷರತೆ ಶೇ 68. ಅಂದರೆ ಓದಬಲ್ಲವರು ಸುಮಾರು ಎಂಟು ಲಕ್ಷ. ಮನೆಗೆ ಐದು ಜನರಂತೆ 2.78 ಲಕ್ಷ ಮನೆಗಳು. ಇವುಗಳಲ್ಲಿ ನೂರಕ್ಕೆ ಒಂದೇ ಮನೆ ಜಿಲ್ಲೆಯ ಸುದ್ದಿಗೆಂದು ತಿಂಗಳಿಗೆ ನೂರು ರೂಪಾಯಿ ಕೊಟ್ಟರೆ ₹2.78 ಲಕ್ಷ. ತಿಂಗಳಿಗೆ ₹25,000 ಸಂಬಳದ ಹನ್ನೊಂದು ವರದಿಗಾರರು. ಕಾರಟಗಿ, ಕನಕಗಿರಿ, ಕುಕನೂರು ಸೇರಿ ಈಗ ಜಿಲ್ಲೆಯಲ್ಲಿ ಏಳು ತಾಲ್ಲೂಕು. ತಾಲ್ಲೂಕಿಗೊಬ್ಬರನ್ನು ಕೊಟ್ಟು ಇನ್ನೂ ನಾಲ್ವರು ಉಳಿಯುತ್ತಾರೆ. ನೂರಕ್ಕೆ ಐದು ಮನೆ ಕೊಟ್ಟರೆ 55 ಜನ. ರಾಯಿಟರ್ಸ್ ಇನ್‌ಸ್ಟಿಟ್ಯೂಟ್‌ನ 2024ರ ಸಮೀಕ್ಷೆಯಲ್ಲಿ 20 ಶ್ರೀಮಂತ ದೇಶಗಳಲ್ಲಿ ಆನ್‌ಲೈನ್ ಸುದ್ದಿಗೆ ಹಣ ಕೊಟ್ಟವರು ಶೇ 17, ನಾರ್ವೆಯಲ್ಲಿ ಶೇ 40. ನಾನು ಕೇಳುತ್ತಿರುವುದು ಶೇ 1.

ಪಿಡಿಎಫ್ ಪುಕ್ಕಟೆ ಬರುವಾಗ ದುಡ್ಡೇಕೆ ಎನ್ನುವವರಿದ್ದಾರೆ. ವಾಟ್ಸ್‌ಆ್ಯಪ್, ಟೆಲಿಗ್ರಾಮ್ ಗುಂಪುಗಳಲ್ಲಿ ಬೆಳಿಗ್ಗೆ ಏಳಕ್ಕೆಲ್ಲ ಹತ್ತು ಪೇಪರು ಬಂದು ಬೀಳುತ್ತವೆ. ದೈನಿಕ್ ಜಾಗರಣ್ ತನ್ನ ಇ-ಪೇಪರ್ ಹಂಚುತ್ತಿದ್ದ ಟೆಲಿಗ್ರಾಮ್ ಚಾನೆಲ್‌ಗಳ ವಿರುದ್ಧ ಕೋರ್ಟಿಗೆ ಹೋದಾಗ, 2020ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಅವನ್ನು ತಡೆಯಲು ಆದೇಶಿಸಿತು. ಪ್ಯಾಕೇಜ್‌ನಿಂದ ಬರುವ ಮೂರೂವರೆ ರೂಪಾಯಿಯೇ ಕಡಿಮೆ ಎನ್ನುವಾಗ, ಪಿಡಿಎಫ್‌ನಿಂದ ಬರುವುದು ಸೊನ್ನೆ.

ಹಣ ಕೊಡುವವರು ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. ಇಲ್ಲಿ ನಾವು ಕೊಳ್ಳುವುದು ಪತ್ರಿಕೆಯನ್ನಲ್ಲ, ಓದುವ ಅನುಮತಿಯನ್ನು. ಟೆಕ್ಸ್ಚರ್ ಎಂಬ ಅಮೆರಿಕದ ಪ್ಯಾಕೇಜ್ 2019ರಲ್ಲಿ ಮುಚ್ಚಿತು. ಗೂಗಲ್ ತನ್ನ ನಿಯತಕಾಲಿಕೆಗಳ ಮಾರಾಟವನ್ನು 2020ರಲ್ಲಿ ನಿಲ್ಲಿಸಿತು. ಅಮೆಜಾನ್ ಕಿಂಡಲ್‌ನ ಪತ್ರಿಕಾ ಚಂದಾಗಳು 2023ರ ಸೆಪ್ಟೆಂಬರ್‌ಗೆ ಕೊನೆಗೊಂಡವು. ಕಸ್ತೂರಿ, ಮಯೂರದ ಹಳೆಯ ಸಂಚಿಕೆಗಳನ್ನು ಅಟ್ಟದ ಮೇಲೆ ಜೋಡಿಸಿಟ್ಟ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಚಂದಾ ನಿಲ್ಲಿಸಿದ್ದಕ್ಕೆ ಆ ಅಟ್ಟ ಖಾಲಿಯಾಗಲಿಲ್ಲ. ಹಾಗಾಗಿ ಒಂದು ವರ್ಷಕ್ಕಿಂತ ಹೆಚ್ಚಿನ ಚಂದಾವನ್ನು ಒಮ್ಮೆಗೇ ಕಟ್ಟುವುದು ಬೇಡ.

ಪ್ಯಾಕೇಜ್ ನಿಜವಾಗಿ ಬೆಲೆ ಬಾಳುವುದು ಓದುಗರು ಸಾವಿರಾರು ಇರುವ ಕಡೆ. ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿದ ‘ಒಂದು ದೇಶ, ಒಂದು ಚಂದಾ’ ಯೋಜನೆಯನ್ನೇ ನೋಡಿ. ಮೂರು ವರ್ಷಕ್ಕೆ ₹6,000 ಕೋಟಿ, 30 ಪ್ರಕಾಶಕರ ಸುಮಾರು 13,000 ಸಂಶೋಧನಾ ನಿಯತಕಾಲಿಕೆಗಳು, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳು, ಸುಮಾರು 1.8 ಕೋಟಿ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು. ಮೊತ್ತ ಕಣ್ಣು ಕುಕ್ಕುತ್ತದೆ. ಭಾಗಿಸಿ ನೋಡಿದರೆ ತಲೆಗೆ ವರ್ಷಕ್ಕೆ ₹1,111, ತಿಂಗಳಿಗೆ ₹93. ಬಿಡಿಯಾಗಿ ಕೊಂಡರೆ ಒಂದೇ ಲೇಖನಕ್ಕೆ ಎರಡು ಮೂರು ಸಾವಿರ ರೂಪಾಯಿ ಕೇಳುವ ನಿಯತಕಾಲಿಕೆಗಳಿವು.

ಸುದ್ದಿಗೂ ಇದನ್ನೇ ಮಾಡಬಹುದು. ಕೆನಡಾದ ಪ್ರೆಸ್‌ರೀಡರ್ ಏಳು ಸಾವಿರದಷ್ಟು ಪತ್ರಿಕೆಗಳನ್ನು ಹಲವು ದೇಶಗಳ ಸಾರ್ವಜನಿಕ ಗ್ರಂಥಾಲಯಗಳ ಮೂಲಕ ಓದಲು ಕೊಡುತ್ತದೆ. ಚಂದಾ ಗ್ರಂಥಾಲಯದ್ದು, ಓದು ಊರಿನದು. ನಮ್ಮಲ್ಲೂ 1965ರ ಗ್ರಂಥಾಲಯ ಕಾಯ್ದೆ ಇದೆ, ಆಸ್ತಿ ತೆರಿಗೆಯೊಡನೆ ನಾವೆಲ್ಲ ಕಟ್ಟುವ ಗ್ರಂಥಾಲಯ ಕರವಿದೆ. ಕೊಪ್ಪಳ ಜಿಲ್ಲೆಯಲ್ಲಿ 150ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಿವೆ. ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗುತ್ತಿವೆ, ಕಂಪ್ಯೂಟರ್‌ಗಳೂ ಬರುತ್ತಿವೆ. ಒಂದೊಂದು ಕೇಂದ್ರಕ್ಕೆ ವರ್ಷಕ್ಕೆ ₹3,000 ಎಂದರೆ 150 ಕೇಂದ್ರಗಳಿಗೆ ₹4.5 ಲಕ್ಷ. ಜಿಲ್ಲೆಯ ಜನಸಂಖ್ಯೆಯಿಂದ ಭಾಗಿಸಿದರೆ ತಲೆಗೆ ವರ್ಷಕ್ಕೆ 32 ಪೈಸೆ! ಸಂಸ್ಥೆಗಳಿಗೆ ಪರವಾನಗಿ ದರ ಬೇರೆ, ಹತ್ತು ಪಟ್ಟೇ ಆಗಲಿ ಎಂದರೂ ತಲೆಗೆ ₹3.20. ಒಂದು ಕಪ್ ಚಹಾಕ್ಕೂ ಸಾಲದ ಈ ಮೊತ್ತಕ್ಕೆ ತಾವರಗೇರಾದ ಹೈಸ್ಕೂಲ್ ಹುಡುಗಿ ಲಂಡನ್ನಿನ ವಿಜ್ಞಾನ ಪತ್ರಿಕೆ ಓದಬಹುದು.

ಎಲ್ಲರೂ ಓದಲಿ ಎಂದು ಸಾರ್ವಜನಿಕ ಖರ್ಚಿನಲ್ಲಿ ಬರಹ ಹಂಚುವುದು ಕೊಪ್ಪಳಕ್ಕೆ ಹೊಸದೂ ಅಲ್ಲ. ಗವಿಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. 1931ರಲ್ಲಿ ಅವು ಬೆಳಕಿಗೆ ಬಂದವು. ಅದೇ ಒಕ್ಕಣೆ ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರಗಳಲ್ಲೂ ಸಣ್ಣಪುಟ್ಟ ವ್ಯತ್ಯಾಸದೊಡನೆ ಕೆತ್ತಿದೆ. 2,200 ವರ್ಷಗಳಿಗೂ ಹಿಂದೆ ಒಂದು ಬರಹವನ್ನು ಊರೂರಿಗೆ ಮುಟ್ಟಿಸುವ ಖರ್ಚನ್ನು ಅರಸ ಹೊತ್ತಿದ್ದ.

ದಿನಕ್ಕೆ ಅರ್ಧ ಗಂಟೆ ಖಾತ್ರಿ ಓದುವವರಿಗೆ, ಪರೀಕ್ಷೆಗೆ ತಯಾರಾಗುವವರಿಗೆ ಪ್ಯಾಕೇಜ್ ಕೊಳ್ಳುವಂಥದ್ದು. ಉಳಿದವರಿಗೆ ಅಗತ್ಯವಿಲ್ಲ. ಯಾರೇ ಆಗಲಿ, ಅದಕ್ಕೂ ಮೊದಲು ನಿಮ್ಮ ತಾಲ್ಲೂಕಿನಲ್ಲಿ ವರದಿಗಾರನನ್ನು ಇಟ್ಟಿರುವ ಒಂದು ಕನ್ನಡ ಪತ್ರಿಕೆಗೆ, ಕಾಗದದಲ್ಲೋ ಫೋನಿನಲ್ಲೋ, ನೇರವಾಗಿ ಚಂದಾ ಕಟ್ಟಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದುನಿಂತು, ನಮ್ಮ ಅರಿವು ಕೇಂದ್ರಕ್ಕೆ ಡಿಜಿಟಲ್ ಪತ್ರಿಕೆಗಳ ಚಂದಾ ಮಾಡಿಸಿರೆಂದು ಕೇಳಿ. ಅರ್ಜಿಯನ್ನು ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆದುಕೊಳ್ಳಿ.